ಒಂದರಿಂದ ಮೂರನೇ ತರಗತಿಗೆ ಆಟದ ಪಿರಿಯಡ್: ಜೂನ್‌ನಿಂದ ದಸರಾ ತನಕ ನನ್ನ ಲೆಕ್ಕ

ಕೆಲವು ವರ್ಷದ ಹಿಂದೆ ಒಂದು ದಿನ ಆಟದ ಪಿರಿಯಡ್ ನಡೆದಿರುವಾಗ ಮೊಬೈಲಿನ ಸ್ಟಾಪ್‌ವಾಚ್ ಹಚ್ಚಿ ಒಬ್ಬಳೇ ಹುಡುಗಿಯನ್ನು ನೋಡುತ್ತ ನಿಂತೆ. ಎರಡನೇ ತರಗತಿಯವಳು, ಸಾಲಿನಲ್ಲಿ ಕೊನೆಯವಳು. ಅವತ್ತಿನ ಆಟ ರಿಲೇ. 47 ಮಕ್ಕಳು, 4 ಸಾಲು. 40 ನಿಮಿಷದಲ್ಲಿ ಅವಳ ಪಾಳಿ ಬಂದದ್ದು ನಾಲ್ಕು ಸಲ. ಓಡಿದ್ದು ಎಲ್ಲ ಕೂಡಿ ಒಂದು ನಿಮಿಷ ಹತ್ತು ಸೆಕೆಂಡು. ಉಳಿದ ಹೊತ್ತೆಲ್ಲ ಮುಂದೆ ನಿಂತವಳ ಜಡೆ ಎಳೆಯುವುದು, ಬೈಸಿಕೊಳ್ಳುವುದು. ಬೈದವನು ನಾನೇ.

ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಚೆನ್ನಾಗಿ ಉಸಿರೇರುವಷ್ಟು ಮೈದಣಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾನು ಕೊಟ್ಟದ್ದು 70 ಸೆಕೆಂಡು. ಅವತ್ತಿನಿಂದ ನನ್ನ ಯೋಜನೆಯ ವಹಿಯಲ್ಲಿ ಆಟದ ಹೆಸರಿಗಿಂತ ಮೊದಲು ಒಂದು ಪ್ರಶ್ನೆ ಬರೆದುಕೊಳ್ಳುತ್ತೇನೆ: ಸಾಲಿನ ಕೊನೆಯ ಮಗು ಎಷ್ಟು ನಿಮಿಷ ಓಡುತ್ತದೆ?

ನಾನಿರುವುದು ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ, ಪಿಟಿ ಮಾಸ್ತರನಾಗಿ. ನಮ್ಮಂಥವರ ಜೀವವೆಲ್ಲ ಆರು, ಏಳು, ಎಂಟನೇ ತರಗತಿಯವರ ಮೇಲೆ. ವಲಯ ಮಟ್ಟ, ತಾಲ್ಲೂಕು ಮಟ್ಟ ಎಂದು ಖೋ-ಖೋ, ಕಬಡ್ಡಿ ತಂಡ ಕಟ್ಟುವುದರಲ್ಲೇ ಮಳೆಗಾಲ ಹೋಗುತ್ತದೆ. ಸಣ್ಣವರಿಗೆ ಒಂದು ಚೆಂಡು ಒಗೆದು "ಆಡ್ಕೋರಿ" ಅಂದರೆ ಮುಗಿಯಿತು. ಆ ಚೆಂಡು ಮೂರನೇ ತರಗತಿಯ ನಾಲ್ಕು ಗಟ್ಟಿ ಹುಡುಗರ ಕೈಯಲ್ಲಿರುತ್ತದೆ, ಉಳಿದವರು ಬೇವಿನ ಗಿಡದ ಬುಡದಲ್ಲಿ ಮಣ್ಣು ಕೆದಕುತ್ತ ಕೂಡುತ್ತಾರೆ. ಕಿರಿಯ ಪ್ರಾಥಮಿಕ ಶಾಲೆಗಳಲ್ಲಂತೂ ಎಷ್ಟೋ ಕಡೆ ಪಿಟಿ ಮಾಸ್ತರೇ ಇಲ್ಲ, ಒಂದರಿಂದ ಮೂರನೇ ತರಗತಿಗೆ ಚಟುವಟಿಕೆಯಿಂದ ಕಲಿಸುವ ನಲಿಕಲಿ ಟೀಚರೇ ಎಲ್ಲ ನೋಡಬೇಕು. ಇದನ್ನು ಬರೆಯುತ್ತಿರುವುದು ಹೆಚ್ಚಾಗಿ ಅವರಿಗೆ.

ಮೊದಲು ಕ್ಯಾಲೆಂಡರ್ ಹಿಡಿದು ಕೂತು ನಿಜವಾಗಿ ಎಷ್ಟು ಪಿರಿಯಡ್ ಸಿಗುತ್ತವೆ ಎಂದು ಎಣಿಸಿ. ನನಗೆ ವಾರಕ್ಕೆ ಎರಡು. ಜೂನ್‌ನಿಂದ ದಸರಾ ರಜೆಯ ತನಕ ಕಾಗದದ ಮೇಲೆ 34ರ ಆಸುಪಾಸು. ಅದರಲ್ಲಿ ದಾಖಲಾತಿಯ ಗದ್ದಲದ ವಾರ ತೆಗೆಯಿರಿ, ಸ್ವಾತಂತ್ರ್ಯೋತ್ಸವದ ಕವಾಯತಿನ ವಾರ ತೆಗೆಯಿರಿ, ನಾಗರ ಪಂಚಮಿ, ಮೊಹರಂ, ಗಣಪತಿ, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ನಾನು ತಂಡ ಕರೆದುಕೊಂಡು ಊರು ಬಿಡುವ ದಿನಗಳು, ಜಡಿಮಳೆಯ ದಿನಗಳು. ನನ್ನ ಕೈಗೆ ಉಳಿಯುವುದು 22 ಅಥವಾ 23. ದಸರಾ ಬೇಗ ಬಂದ ವರ್ಷ ಇನ್ನೂ ಕಡಿಮೆ. ಹಿಂದೆ 34ಕ್ಕೆ ಯೋಜನೆ ಬರೆದು ಆಗಸ್ಟ್ ಹೊತ್ತಿಗೆ ಅರ್ಧ ಪುಟಕ್ಕೆ ಅಡ್ಡಗೆರೆ ಎಳೆಯುತ್ತಿದ್ದೆ. ಈಗ 20ಕ್ಕೆ ಬರೆಯುತ್ತೇನೆ.

ಆಮೇಲೆ ನೆಲ. ನಮ್ಮದು ಎರೆಭೂಮಿ. ಜೂನ್ ಮೊದಲ ವಾರ ಬಿರುಕು ಬಿಟ್ಟು ಕಲ್ಲಿನಂತಿರುತ್ತದೆ. ಎರಡು ಒಳ್ಳೆ ಮಳೆ ಬಿದ್ದರೆ ಕಾಲಿಗೆ ರೊಟ್ಟಿ ಹಿಟ್ಟಿನ ಹಾಗೆ ಮೆತ್ತುತ್ತದೆ, ನಾಲ್ಕು ಹೆಜ್ಜೆ ಇಟ್ಟರೆ ಒಂದೊಂದು ಚಪ್ಪಲಿ ಅರ್ಧ ಕಿಲೋ. ಒಣಗಲು ಎರಡು ದಿನ ಬಿಸಿಲು ಬೇಕು. ಉಳಿದದ್ದು ಪಡಸಾಲೆ: ಶಹಾಬಾದ್ ಪರ್ಸಿ ಕಲ್ಲು ಹಾಸಿದ್ದು, ಒಣಗಿದ್ದರೆ ಬಹಳ ಚಲೋ, ಹಸಿಯಾದರೆ ಎಣ್ಣೆ ಸವರಿದ ಹಾಗೆ. ಒಂದು ಮಳೆಗಾಲ ಹಸಿ ಪರ್ಸಿಯ ಮೇಲೆ ಕುಂಟಾಟ ಆಡಿಸಿ ಒಬ್ಬ ಹುಡುಗನ ಮುಂದಿನ ಹಲ್ಲು ಕಳೆದೆ. ಹಾಲುಹಲ್ಲು, ದೇವರು ದೊಡ್ಡವನು. ಹೀಗಾಗಿ ಪ್ರತಿ ಪಾಠವನ್ನೂ ಎರಡೆರಡು ಬರೆಯುತ್ತೇನೆ, ಎಡಪುಟದಲ್ಲಿ ಬಯಲಿನದು, ಬಲಪುಟದಲ್ಲಿ ಪಡಸಾಲೆಯದು. ಕಲಿಸುವ ವಿಷಯ ಒಂದೇ, ಜಾಗ ಮಾತ್ರ ಬೇರೆ.

ವಿಷಯ ಅಂದರೆ ಆಟವಲ್ಲ. ಆರೇಳು ವರ್ಷದ ಮಗುವಿಗೆ ಕಬಡ್ಡಿ, ಖೋ-ಖೋ ನಿಯಮ ಕಲಿಸುವ ಅವಸರ ಬೇಡ. ಓಡಿ ನಿಲ್ಲುವುದು, ಜಿಗಿದು ಇಳಿಯುವುದು, ಕುಂಟುವುದು, ಒಂದೇ ಕಾಲ ಮೇಲೆ ತೂಕ ಹಿಡಿಯುವುದು, ಒಗೆಯುವುದು, ಹಿಡಿಯುವುದು, ಒದೆಯುವುದು. ಇವು ಬಂದರೆ ನಾಲ್ಕನೇ ತರಗತಿಗೆ ಯಾವ ಆಟ ಬೇಕಾದರೂ ಕಲಿಯುತ್ತವೆ. 20 ಪಿರಿಯಡ್‌ಗೆ ಈ ಏಳನ್ನು ಹಂಚಿದರೆ ಒಂದೊಂದಕ್ಕೆ ಎರಡೋ ಮೂರೋ ಬರುತ್ತವೆ. ನಾನು ಸಮನಾಗಿ ಹಂಚುವುದಿಲ್ಲ. ನಿಲ್ಲುವುದಕ್ಕೆ ನಾಲ್ಕು, ಹಿಡಿಯುವುದಕ್ಕೆ ಐದು. ಒದೆಯುವುದನ್ನು ಒಂದರಲ್ಲಿ ಮುಗಿಸುತ್ತೇನೆ, ಓಣಿಯಲ್ಲಿ ಅದನ್ನು ತಾವೇ ಕಲಿತು ಬಂದಿರುತ್ತಾರೆ.

ನಿಲ್ಲುವುದಕ್ಕೆ ನಾಲ್ಕು ಪಿರಿಯಡ್ ಯಾಕೆ ಎಂದು ನಮ್ಮ ಹೆಡ್‌ಮಾಸ್ತರೂ ಕೇಳಿದರು. ಸೀಟಿಗೆ ನಿಲ್ಲದ 47 ಮಕ್ಕಳಿಗೆ ಬೇರೇನೂ ಕಲಿಸಲಾಗುವುದಿಲ್ಲ, ಅದಕ್ಕೆ. ಜೂನ್ ಪೂರ್ತಿ ಇದೇ. ಇಡೀ ಬಯಲಲ್ಲಿ ಎಲ್ಲರೂ ಒಟ್ಟಿಗೆ, ಯಾರನ್ನೂ ಮುಟ್ಟದೆ ಓಡಬೇಕು. ಸೀಟಿ ಊದಿದರೆ ಎಲ್ಲಿದ್ದಾರೋ ಅಲ್ಲೇ ಕಲ್ಲಾಗಬೇಕು. ಸಾಲು ಇಲ್ಲ, ಪಾಳಿ ಇಲ್ಲ, ಎಲ್ಲರಿಗೂ ಓಟ. ಕಾರಹುಣ್ಣಿಮೆಯಲ್ಲಿ ಎತ್ತು ಓಡಿಸಿ ಕರಿ, ಅಂದರೆ ಅಡ್ಡ ಕಟ್ಟಿದ ಹಗ್ಗ, ಹರಿಯುವುದನ್ನು ನೋಡಿ ಬಂದ ವಾರ ಇದೇ ಓಟವನ್ನು ಎತ್ತಿನ ಓಟ ಮಾಡುತ್ತೇನೆ: ಒಂದು ಕಾಲು ಯಾವಾಗಲೂ ಮುಂದೆ, ಹಿಂದಿನ ಕಾಲು ಅದನ್ನು ಬೆನ್ನಟ್ಟಬೇಕು, ದಾಟಬಾರದು. ಹಗ್ಗ ಅಡ್ಡ ಹಿಡಿದು ಕರಿ ಹರಿಸಿದರೆ ಮಕ್ಕಳಿಗೆ ಹುಚ್ಚು ಹಿಡಿಯುತ್ತದೆ. ಹಗ್ಗವನ್ನು ಸಡಿಲವಾಗಿ ಹಿಡಿದು ಎದೆಗೆ ತಾಗುತ್ತಲೇ ಬಿಡಿ, ಕುತ್ತಿಗೆಯ ಮಟ್ಟಕ್ಕೆ ಎಂದೂ ಬೇಡ.

ಈ ನಿಲ್ಲುವ ಆಟದಲ್ಲೇ ನಾನೊಂದು ತಪ್ಪು ಮಾಡಿದೆ. ಒಂದನೇ ತರಗತಿಯ ಒಬ್ಬ ಹುಡುಗ ಸೀಟಿ ಊದಿದರೂ ಓಡುತ್ತಲೇ ಇದ್ದ. ಎರಡು ವಾರ ಅವನನ್ನು ಬೈದೆ, ಒಮ್ಮೆ ಗಿಡದ ಕೆಳಗೆ ಕೂಡಿಸಿದೆ. ಕಡೆಗೆ ಅವನ ಅವ್ವ ಬಿಸಿಯೂಟದ ಹೊತ್ತಿಗೆ ಬಂದು, "ಅಂವಗ ಕಿವಿ ಸೋರ್ತಾವ್ರಿ ಸರ್, ಹಿಂದಿಂದ ಕರದ್ರ ಕೇಳಂಗಿಲ್ಲ" ಅಂದಳು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ತೋರಿಸಿದೆವು, ಅಲ್ಲಿಂದ ಆಸ್ಪತ್ರೆಗೆ ಕಳಿಸಿದರು. ಈಗ ಸೀಟಿಯ ಜೊತೆಗೆ ಕೆಂಪು ಕರವಸ್ತ್ರ ಮೇಲೆತ್ತುತ್ತೇನೆ. ಅದನ್ನು ಕಂಡ ಮಗುವೂ ಕೈ ಎತ್ತಿ ನಿಲ್ಲಬೇಕು. ಹೀಗೆ ಮಾಡಿದ ಮೇಲೆ ಕಿವಿ ಕೇಳುವವರೂ ಮೊದಲಿಗಿಂತ ಬೇಗ ನಿಲ್ಲತೊಡಗಿದರು.

ಕೆರೆ-ದಡ ಎಲ್ಲರಿಗೂ ಗೊತ್ತಿರುವ ಆಟ, ಆದರೆ ನಾವು ಆಡಿಸುವ ರೀತಿಯಲ್ಲಿ ತಪ್ಪಿದವರು ಔಟಾಗಿ ಕೂಡುತ್ತಾರೆ. ಮೊದಲು ಔಟಾಗುವವರು ಯಾರು? ಯಾರಿಗೆ ಅಭ್ಯಾಸ ಎಲ್ಲರಿಗಿಂತ ಹೆಚ್ಚು ಬೇಕೋ ಅವರೇ. ಅದಕ್ಕೆ ಪಕ್ಕದಲ್ಲಿ ಇನ್ನೊಂದು ಸುತ್ತು ಹಾಕಿಸಿ. ಇಲ್ಲಿ ತಪ್ಪಿದವರು ಆ ಸುತ್ತಿಗೆ ಹೋಗುತ್ತಾರೆ, ಅಲ್ಲಿ ತಪ್ಪಿದವರು ಇಲ್ಲಿಗೆ. ಯಾರೂ ಕೂಡುವುದಿಲ್ಲ. ಗೆರೆಗೆ ಸುಣ್ಣ ಬೇಡ, ಬಿದ್ದ ಮಗುವಿನ ಕಣ್ಣಿಗೆ ಹೋದರೆ ಸುಡುತ್ತದೆ. ರಂಗೋಲಿ ಪುಡಿ ಸಾಕು. ಬಯಲಿಗೆ ಇಳಿಯುವ ಮೊದಲು ಐದು ನಿಮಿಷ ಜಾಲಿ ಮುಳ್ಳು ಆರಿಸುವುದು ನಮ್ಮಲ್ಲಿ ಕಾಯಂ. ರಾತ್ರಿ ಕುಡಿದು ಹೋದವರ ಬಾಟಲಿ ಚೂರನ್ನು ಮಾತ್ರ ನಾನೇ ಆರಿಸುತ್ತೇನೆ, ಮಕ್ಕಳ ಕೈಗೆ ಕೊಡುವುದಿಲ್ಲ.

ಪಿರಿಯಡ್ ಎಷ್ಟೊತ್ತಿಗೆ ಹಾಕಿಸಿಕೊಳ್ಳುತ್ತೀರಿ ಎಂಬುದೂ ಮುಖ್ಯ. ವೇಳಾಪಟ್ಟಿ ಬರೆಯುವ ದಿನ ಹೆಡ್‌ಮಾಸ್ತರ ಪಕ್ಕದಲ್ಲೇ ಕೂಡಿ. ಊಟದ ನಂತರದ ಪಿರಿಯಡ್ ಕೊಟ್ಟರೆ ಒಪ್ಪಬೇಡಿ, ಹೊಟ್ಟೆ ತುಂಬಿದ ಮಗು ಜಿಗಿದರೆ ವಾಂತಿ. ಬೆಳಿಗ್ಗೆ ಶಾಲೆಯಲ್ಲಿ ಕೊಡುವ ಹಾಲು ಕುಡಿದ ಕೂಡಲೇ ಓಡಿಸಿದರೂ ಅಷ್ಟೇ. ನಾನು ಎರಡನೇ ಪಿರಿಯಡ್ ಕೇಳಿಕೊಂಡಿದ್ದೇನೆ. ತೊಗರಿ, ಹತ್ತಿ ಬಿತ್ತುವ ದಿನಗಳಲ್ಲಿ ಅವ್ವ ಅಪ್ಪ ನಸುಕಿನಲ್ಲೇ ಹೊಲಕ್ಕೆ ಹೋಗುತ್ತಾರೆ, ಮಗು ಏನೂ ತಿನ್ನದೆ ಬಂದಿರುತ್ತದೆ. ಮುಂಜಾನೆ ಏನು ತಿಂದಿ ಎಂದು ನಾಲ್ಕು ಮಂದಿಯನ್ನಾದರೂ ಕೇಳಿ. ಹಾಲಷ್ಟೇ ಕುಡಿದವರನ್ನು ಅವತ್ತು ಓಟಕ್ಕೆ ಹಚ್ಚದೆ ಗೆರೆ ಕಾಯಲು, ಸೀಟಿ ಊದಲು ಹಚ್ಚಿ.

40 ನಿಮಿಷವನ್ನು ನಾನು ಒಡೆಯುವುದು ಹೀಗೆ: ತರಗತಿಯಿಂದ ಬಂದು ಹೋಗಲು 6, ಮೈ ಕಾಯಿಸುವ ಓಟ 6, ಅವತ್ತಿನ ವಿಷಯ 8 ನಿಮಿಷದ ಎರಡು ತುಂಡು, ನಡುವೆ ನೀರು, ಕೊನೆಗೆ ಅದೇ ವಿಷಯದ ಒಂದು ಆಟ. ಈ ವಯಸ್ಸಿನವರಿಗೆ ಒಂದೇ ಕೆಲಸ ಎಂಟು ನಿಮಿಷ ದಾಟಿದರೆ ಜಗಳ ಶುರು. ವಿವರಣೆ ಅರ್ಧ ನಿಮಿಷದಲ್ಲಿ ಮುಗಿಯಬೇಕು. ಹೇಳುವುದಕ್ಕಿಂತ ಮಾಡಿ ತೋರಿಸಿ, ಹೊಟ್ಟೆ ಬಂದಿದ್ದರೂ ಪರವಾಗಿಲ್ಲ.

ಜುಲೈ ಜಿಗಿತ, ಕುಂಟಾಟಕ್ಕೆ. ಇಳಿಯುವಾಗ ಮೊಣಕಾಲು ಬಗ್ಗಿಸಿ ಎಂದರೆ ಮಕ್ಕಳಿಗೆ ತಿಳಿಯುವುದಿಲ್ಲ. "ಬೆಕ್ಕಿನಂಗ ಇಳೀರಿ, ಸಪ್ಪಳ ಆಗಬಾರದು" ಎಂದರೆ ತಾನಾಗಿಯೇ ಬಗ್ಗುತ್ತದೆ. ಕುಂಟಲು ಎಡಗಾಲಿಗೂ ಅಷ್ಟೇ ಪಾಳಿ ಕೊಡಿ. ಜೂನ್ 21ರ ಯೋಗ ದಿನಕ್ಕೆ ಕಲಿಸಿದ ವೃಕ್ಷಾಸನ ಇಲ್ಲಿ ಕೆಲಸಕ್ಕೆ ಬರುತ್ತದೆ.

ಆಗಸ್ಟ್‌ನಲ್ಲಿ ಒಗೆತ. ಬುಟ್ಟಿ ಇಟ್ಟು ಗುರಿ ಹಚ್ಚಿ ಒಗೆಯಲು ಹೇಳುವುದೇ ನಾವು ಮಾಡುವ ಮೊದಲ ತಪ್ಪು. ಗುರಿ ಕಂಡ ಮಗು ಮೈ ಬಿಗಿದು ಮುಂಗೈಯಿಂದ ಚೆಂಡು ನೂಕುತ್ತದೆ. ಮೊದಲು ಕಂಪೌಂಡ್ ಗೋಡೆಗೆ ಜೋರಾಗಿ, ಎಷ್ಟು ಶಕ್ತಿ ಇದೆಯೋ ಅಷ್ಟೂ ಹಾಕಿ ಒಗೆಯಲಿ. ಜೋರು ಬೇಕೆಂದಾಗ ಸೊಂಟ ತಿರುಗುತ್ತದೆ, ತೋಳು ಹಿಂದೆ ಹೋಗುತ್ತದೆ. ಬಲಗೈಯವರಿಗೆ ಎಡಗಾಲು ಮುಂದೆ ಬರಬೇಕು. ಇದು ನೆನಪಿರಲಿ ಎಂದು ಆ ಕಾಲಿಗೆ ಕೆಂಪು ಅರಿವೆಯ ಪಟ್ಟಿ ಕಟ್ಟುತ್ತೇನೆ. ಎಡಗೈ ಮಕ್ಕಳಿಗೆ ಬಲಗಾಲಿಗೆ ಕಟ್ಟಿ. ಗುರಿ ಮೂರನೇ ತರಗತಿಗೆ ಬಂದ ಮೇಲೆ.

ಹಿಡಿಯುವುದು ಎಲ್ಲಕ್ಕಿಂತ ಕಷ್ಟ, ಯಾಕೆಂದರೆ ಅದರಲ್ಲಿ ಹೆದರಿಕೆ ಇದೆ. ಚೆಂಡು ಬರುವಾಗ ಮಗು ಮುಖ ತಿರುಗಿಸಿ ಕಣ್ಣು ಮುಚ್ಚುತ್ತದೆ, ಎರಡೂ ಕೈ ಮುಂದೆ ಚಾಚುತ್ತದೆ, ಚೆಂಡು ಎದೆಗೆ ಬಡಿದು ಬೀಳುತ್ತದೆ. "ಕಣ್ ತೆಗಿಯೋ" ಎಂದು ಒದರಿದರೆ ಹೆದರಿಕೆ ಇನ್ನೂ ಹೆಚ್ಚು. ಹಾಗಾಗಿ ನಾನು ಚೆಂಡಿನಿಂದ ಶುರು ಮಾಡುವುದೇ ಇಲ್ಲ. ಮೊದಲ ಪಿರಿಯಡ್ ಹಳೆಯ ಓಢಣಿಯ ತುಂಡು: ತಾವೇ ಮೇಲೆ ಹಾರಿಸಬೇಕು, ತಾವೇ ಹಿಡಿಯಬೇಕು. ಅದು ನಿಧಾನವಾಗಿ ಇಳಿಯುತ್ತದೆ, ಬಡಿಯುವುದಿಲ್ಲ, ಪಡಸಾಲೆಯಲ್ಲೇ ಆಗುತ್ತದೆ. ಎರಡನೆಯದು ಬಲೂನು. ಮೂರನೆಯದು ಬೀಜ ತುಂಬಿದ ಸಣ್ಣ ಚೀಲ, ಅದು ಕೈಯಿಂದ ಪುಟಿಯುವುದಿಲ್ಲ. ನಾಲ್ಕನೆಯದಕ್ಕೆ ಗಾಳಿ ಅರ್ಧ ಇಳಿಸಿದ ವಾಲಿಬಾಲ್, ನೆಲಕ್ಕೆ ಒಮ್ಮೆ ಪುಟಿಸಿ. ಐದನೆಯದರಲ್ಲಿ ಜೋಡಿಯಾಗಿ, ಎರಡು ಹೆಜ್ಜೆ ದೂರದಿಂದ ಮೆಲ್ಲಗೆ. ಹೋದ ವರ್ಷ ಒಬ್ಬ ಹುಡುಗಿ "ನಂಗ ಬರಂಗಿಲ್ರಿ ಸರ್" ಎಂದು ಮೂರು ಪಿರಿಯಡ್ ಓಢಣಿಯನ್ನೇ ಬಿಡಲಿಲ್ಲ. ಅವಳ ಪಾಡಿಗೆ ಬಿಟ್ಟೆ. ನಾಲ್ಕನೇ ದಿನ ಚೀಲವನ್ನು ಓಢಣಿಯಲ್ಲೇ ಸುತ್ತಿ ಹಾರಿಸಿ ಹಿಡಿದಳು. ಆಮೇಲೆ ಓಢಣಿ ಬಿಚ್ಚಿ ಬದಿಗೊಗೆದಳು. ನನಗೆ ಈ ಉಪಾಯ ಹೊಳೆದೇ ಇರಲಿಲ್ಲ, ಈಗ ಅದೂ ಬಲಪುಟದಲ್ಲಿದೆ.

ನಮ್ಮ ಕಡೆ ಸೆಪ್ಟೆಂಬರ್ ಮಳೆ ಜೋರು, ಸಿಡಿಲೂ ಜೋರು. ಗುಡುಗು ಕೇಳಿದ ಕೂಡಲೇ ಎಲ್ಲರೂ ಕೋಣೆಯೊಳಗೆ, ಗಿಡದ ಕೆಳಗೆ ಯಾರೂ ನಿಲ್ಲಬಾರದು, ಕೊನೆಯ ಗುಡುಗಿನ ನಂತರ ಅರ್ಧ ತಾಸು ಬಯಲಿಗೆ ಬಿಡಬಾರದು. ಜೂನ್‌ನ ಬಿಸಿಲಿನಲ್ಲಿ ಇನ್ನೊಂದು ಎಚ್ಚರ: ಕಿರಿಕಿರಿ ಮಾಡುವ ಮಗುವಿಗಿಂತ, ಮುಖ ಕೆಂಪಾಗಿ ತಟ್ಟನೆ ಸುಮ್ಮನಾದ ಮಗುವನ್ನು ಮೊದಲು ನೋಡಿ. ನೆರಳು, ನೀರು, ಕುತ್ತಿಗೆಗೆ ಒದ್ದೆ ಬಟ್ಟೆ.

ದಾಖಲೆಗೆ ಒಂದೇ ಹಾಳೆ. ಎಡಕ್ಕೆ ಹೆಸರು, ಮೇಲೆ ಏಳು ವಿಷಯ, ಮನೆಗಳಲ್ಲಿ ಮೂರರಲ್ಲಿ ಒಂದು ಗುರುತು: ಬಂತು, ಬರಲಕತ್ತದ, ಇನ್ನಾ ಇಲ್ಲ. ಪ್ರತಿ ಪಿರಿಯಡ್‌ನಲ್ಲಿ 47 ಮಕ್ಕಳನ್ನೂ ನೋಡಲು ಹೋಗಬೇಡಿ, ಯಾರನ್ನೂ ನೋಡಿದಂತಾಗುವುದಿಲ್ಲ. ದಿನಕ್ಕೆ ಎಂಟು ಹೆಸರು ಸಾಕು. ಓಟದ ಸಮಯ, ಜಿಗಿದ ದೂರ ಬರೆಯುವುದಿಲ್ಲ; ಬರೆದರೆ ಯಾರು ಫಸ್ಟ್ ಎಂದು ಮಕ್ಕಳಿಗಿಂತ ಮೊದಲು ಸಹೋದ್ಯೋಗಿಗಳೇ ಕೇಳುತ್ತಾರೆ.

ಸಾಮಾನಿಗೆ ನನಗೆ ಹೆಚ್ಚು ಖರ್ಚಾಗಿಲ್ಲ. ಸೈಕಲ್ ಅಂಗಡಿಯ ಹಳೆ ಟೈರು ಹತ್ತು, ನೂಲಿನ ಹಗ್ಗ ಎರಡು, ಓಢಣಿ ತುಂಡು, ಐವತ್ತು ಸಣ್ಣ ಚೀಲ. ಚೀಲಗಳನ್ನು ಒಬ್ಬ ಮಗುವಿನ ಆಯಿ ಕೌದಿ ಹೊಲಿದುಳಿದ ಅರಿವೆಯಲ್ಲಿ ಹೊಲಿದುಕೊಟ್ಟಳು, ಅಂಗೈ ಅಗಲದ್ದು. ಮೊದಲ ವರ್ಷ ತೊಗರಿ ತುಂಬಿದೆ, ನಮ್ಮೂರಲ್ಲಿ ಅದಕ್ಕೇನು ಬರ. ದಸರಾ ರಜೆ ಮುಗಿಸಿ ಬಂದು ರಟ್ಟಿನ ಡಬ್ಬಿ ತೆಗೆದರೆ ಇಲಿಗಳು ಒಂದನ್ನೂ ಉಳಿಸಿರಲಿಲ್ಲ. ಎರಡನೇ ವರ್ಷ ಮರಳು ತುಂಬಿದೆ, ಹೊಲಿಗೆಯಿಂದ ಸೋರಿ ಕಣ್ಣಿಗೆ ಬಿತ್ತು. ಈಗ ಹುಣಸೆ ಬೀಜ, ತಗಡಿನ ಟ್ರಂಕು. ಟ್ರಂಕಿಗೆ ಎರಡು ಕೀಲಿ ಇವೆ. ಒಂದು ನನ್ನ ಹತ್ತಿರ, ಇನ್ನೊಂದು ನಲಿಕಲಿ ಟೀಚರ ಹತ್ತಿರ, ನಾನು ದೊಡ್ಡವರ ತಂಡ ಕಟ್ಟಿಕೊಂಡು ತಾಲ್ಲೂಕಿಗೆ ಹೋದ ದಿನವೂ ಸಣ್ಣವರಿಗೆ ಚೀಲ ಸಿಗಲಿ ಎಂದು.