ಹಳೇ ಎನ್‌ಎಚ್ 4ರ ಜಾಡು ಹಿಡಿದು

ಹಳೇ ರಾಷ್ಟ್ರೀಯ ಹೆದ್ದಾರಿ 4 (ಎನ್‌ಎಚ್ 4) ಹುಡುಕಲು ಹೊರಟಾಗ ನನ್ನ ಕೈಯಲ್ಲಿ ಇದ್ದದ್ದು ಒಂದೇ ಹೆಸರು: ಪಿ.ಬಿ. ರೋಡ್. ಬೆಳಗಾವಿ, ಹುಬ್ಬಳ್ಳಿ, ಹಾವೇರಿ, ರಾಣೆಬೆನ್ನೂರು, ದಾವಣಗೆರೆ, ಎಲ್ಲಿ ಇಳಿದರೂ ಆಟೋದವರಿಗೆ ಇಷ್ಟು ಹೇಳಿದರೆ ಸಾಕು. ಪಿ ಅಂದರೆ ಪೂನಾ, ಬಿ ಅಂದರೆ ಬೆಂಗಳೂರು. ಇವತ್ತು ಬಟ್ಟೆ ಅಂಗಡಿ, ಬ್ಯಾಂಕು, ಬಸ್ ಸ್ಟ್ಯಾಂಡ್ ಇರುವ ಈ ಊರೊಳಗಿನ ರಸ್ತೆಯಲ್ಲೇ ಒಂದು ಕಾಲಕ್ಕೆ ಮುಂಬೈ–ಚೆನ್ನೈ ಲಾರಿಗಳು ಓಡುತ್ತಿದ್ದವು. ನಾಲ್ಕು ರಾಜ್ಯ ದಾಟುವ ರಸ್ತೆ ಅದು.

ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತ ಜೋಡಿಸುವ ಸುವರ್ಣ ಚತುಷ್ಪಥ ಹೆದ್ದಾರಿ ಯೋಜನೆ ಬಂದಾಗ ಊರೂರಿಗೂ ಬೈಪಾಸ್ ಆಯಿತು. ಹೆದ್ದಾರಿ ಹೊರಗೆ ಹೋಯಿತು. 2010ರಲ್ಲಿ ನಂಬರೂ ಹೋಯಿತು. ಮುಂಬೈಯಿಂದ ಬೆಂಗಳೂರಿನವರೆಗೆ ಈಗ 48, ಬೆಂಗಳೂರಿನಿಂದ ಮುಳಬಾಗಿಲಿನವರೆಗೆ 75. ನಾಲ್ಕನೇ ನಂಬರ್ ಅಂಡಮಾನಿನ ರಸ್ತೆಗೆ ಸೇರಿದೆ. ಅದು ಗೊತ್ತಾದ ದಿನ ನನಗೆ ನಿಜಕ್ಕೂ ಬೇಜಾರಾಯಿತು.

ಮೊದಲು ನಕ್ಷೆ ನಂಬಿದೆ. ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟನ್ನು (ದಾರಿ, ಕೆರೆ, ಗುಡ್ಡ ಎಲ್ಲ ತೋರಿಸುವ ನಕ್ಷೆ) ಉಪಗ್ರಹ ಚಿತ್ರದ ಮೇಲೆ ಕೂರಿಸಿ, ಎರಡೂ ಎಲ್ಲಿ ಬೇರೆಯಾಗುತ್ತವೆ ನೋಡಿದೆ. ದಾವಣಗೆರೆ ಹತ್ತಿರ ಒಂದು ತಿರುವಿನ ಹಿಂದೆ ಎರಡು ದಿನ ಅಲೆದೆ. ಕೊನೆಗೆ ಅದು ಕೆರೆ ಏರಿ ಮೇಲಿನ ಬಂಡಿ ದಾರಿ ಅಂತ ತಿಳಿಯಿತು. ಆಮೇಲಿಂದ ಕ್ರಮ ಬದಲಾಯಿಸಿದೆ. ಮೊದಲು ಅಂಗಡಿ ಬೋರ್ಡುಗಳ ವಿಳಾಸ ಓದುವುದು. ಆಮೇಲೆ ಹುಣಸೆ ಮರಗಳ ಸಾಲು, ಪ್ರವಾಸಿ ಮಂದಿರ, ಹಳೇ ಪೆಟ್ರೋಲ್ ಬಂಕ್ ನೋಡುವುದು. ನಕ್ಷೆ ತೆಗೆಯುವುದು ಕೊನೆಗೆ.

ಎಲ್ಲಕ್ಕಿಂತ ಜಾಸ್ತಿ ಸಹಾಯ ಮಾಡಿದ್ದು ಕಿಲೋಮೀಟರ್ ಕಲ್ಲು. ಒಂದು ಗ್ಯಾರೇಜಿನ ಪಕ್ಕ ಅರ್ಧ ಹೂತ ಕಲ್ಲು ಸಿಕ್ಕಿತು. ಅದರ ಮೇಲೆ ಹಳೇ ಟೈರ್ ಇಟ್ಟಿದ್ದರು. ಕೇಳಿ ಟೈರ್ ಸರಿಸಿ, ನೀರು ಹಾಕಿ ತೆಂಗಿನ ನಾರಿನಿಂದ ಉಜ್ಜಿದೆ. ಮೇಲೆ ಸುಣ್ಣ, ಅದರಡಿ ಗ್ರೀಸಿನ ಕಪ್ಪು, ಇನ್ನೂ ಉಜ್ಜಿದರೆ ತಲೆಯ ಮೇಲೆ ಹಳದಿ. ಹಳದಿ ಅಂದರೆ ರಾಷ್ಟ್ರೀಯ ಹೆದ್ದಾರಿ. ರಾಜ್ಯ ಹೆದ್ದಾರಿಯಾಗಿದ್ದರೆ ಹಸಿರು ಇರುತ್ತಿತ್ತು. ಆ ಬೆರಳಗಲದ ಹಳದಿ ನೋಡಿ ಕಣ್ಣು ತುಂಬಿ ಬಂತು.

ಹರಿಹರದಲ್ಲಿ ತುಂಗಭದ್ರೆಯ ಹಳೇ ಕಮಾನು ಸೇತುವೆ ಹತ್ತಿರ ತುಂಬಾ ಹೊತ್ತು ನಿಂತೆ. ಅದು 1868ರಲ್ಲಿ ಮುಗಿದದ್ದು. ಆಚೆ ದಡದ ಕುಮಾರಪಟ್ಟಣದಲ್ಲಿ ಚಹಾ ಕುಡಿಯುತ್ತಾ, "ಅಜ್ಜಾರ, ಈ ರಸ್ತೆ ಮೊದಲು ಹ್ಯಾಗಿತ್ತು?" ಅಂತ ಕೇಳಿದೆ. "ರಸ್ತೆ ಇರ್ಲಿ ತಮ್ಮಾ, ಹೊಳಿ ದಾಟಿದ್ರ ಸರಕಾರನ ಬ್ಯಾರೆ ಇತ್ತು" ಅಂದರು ಅಜ್ಜ.

ಹೌದಲ್ವಾ! 1956ರ ನವೆಂಬರ್ 1ಕ್ಕೆ ಮೊದಲು ಈ ಹೊಳೆಯೇ ಗಡಿ. ಈಚೆ ಮೈಸೂರು, ಆಚೆ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆ. ಈಗ ನಮ್ಮ ರಾಜ್ಯದ ನಟ್ಟನಡುವೆ ಇರುವ ಸೇತುವೆ ಆಗ ಎರಡು ರಾಜ್ಯಗಳ ನಡುವಿನ ಬಾಗಿಲು. ನಾನು ನಿಪ್ಪಾಣಿ ಹತ್ತಿರದ ಗಡಿಯನ್ನು ಮಾತ್ರ ಗುರುತು ಹಾಕಿಕೊಂಡಿದ್ದೆ.

ಮನೆಗೆ ಬಂದವನೇ ನಕ್ಷೆ ಬಿಚ್ಚಿ ಹರಿಹರದ ಹೊಳೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದೆ. ಮುಂದಿನ ಸಲ ಎರಡೂ ದಡದಲ್ಲಿ ಮೈಲಿಗಲ್ಲು ಹುಡುಕಬೇಕು. ಈಚಿನದು ಬೆಂಗಳೂರಿನಿಂದ ಎಣಿಸಿದ್ದೋ, ಆಚಿನದು ಪೂನಾದಿಂದ ಎಣಿಸಿದ್ದೋ, ಕಲ್ಲೇ ಹೇಳಬೇಕು.