ಕೇಳಿಕೊಂಡು ಹೋಗುವವರಿಗೆ ಫ್ರಾನ್ಸ್

ಮೂವತ್ತನಾಲ್ಕು ವರ್ಷ ರೈಲ್ವೆಯಲ್ಲಿ ಟಿಟಿಇ ಆಗಿದ್ದವನು ನಾನು. ಮೆಜೆಸ್ಟಿಕ್ ಸ್ಟೇಷನ್ನಿನಲ್ಲಿ ಕಪ್ಪು ಕೋಟು ಹಾಕಿಕೊಂಡು ನಿಂತರೆ ಸಾಕು, ‘ಸಾರ್, ಹುಬ್ಬಳ್ಳಿ ಗಾಡಿ ಎಷ್ಟನೇ ಪ್ಲಾಟ್‌ಫಾರ್ಮು?’ ಎಂದು ಒಬ್ಬರಾದ ಮೇಲೊಬ್ಬರು ಬರುತ್ತಿದ್ದರು. ತಲೆಯ ಮೇಲೇ ಬೋರ್ಡು ಇದ್ದರೂ ಅದನ್ನು ನೋಡುತ್ತಿರಲಿಲ್ಲ. ನಮ್ಮ ಜನ ಕೇಳಿಕೊಂಡು ಹೋಗುವವರು, ಓದಿಕೊಂಡು ಹೋಗುವವರಲ್ಲ. ನಿವೃತ್ತಿಯಾದ ಮೇಲೆ ಮಗಳನ್ನು ನೋಡಲು ನಾನೂ ನಮ್ಮನೆಯವಳೂ ಎರಡು ಸಲ ಫ್ರಾನ್ಸಿಗೆ ಹೋಗಿಬಂದೆವು. ಈಗ ವಿಜಯನಗರದ ನಮ್ಮ ರಸ್ತೆಯಲ್ಲಿ ಯಾರು ಆ ಕಡೆ ಹೊರಟರೂ ಮೊದಲು ನಮ್ಮ ಮನೆಗೆ ಬರುತ್ತಾರೆ. ಕಾಫಿ ಕೊಟ್ಟು ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ವೀಸಾದ ವಿಷಯ ಚುಟುಕಾಗಿ ಮುಗಿಸುತ್ತೇನೆ. ಬೇಕಾಗಿರುವುದು ಯೂರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾ. ಹೊರಡುವ ಆರು ತಿಂಗಳು ಮೊದಲಿಂದ ಅರ್ಜಿ ಹಾಕಬಹುದು, ಕೊನೆಯ ಪಕ್ಷ ಹೊರಡುವ ಹದಿನೈದು ದಿನ ಮೊದಲಾದರೂ ಹಾಕಿರಬೇಕು. ಏಪ್ರಿಲ್, ಮೇ ತಿಂಗಳಿಗೆ ಹೋಗುವವರು ಸಂಕ್ರಾಂತಿ ಮುಗಿಯುತ್ತಿದ್ದಂತೆ ಕಾಗದಪತ್ರ ಜೋಡಿಸಿಕೊಳ್ಳಿ. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೊ. ವೀಸಾ ಸಿಗದಿದ್ದರೂ ಆ ದುಡ್ಡು ವಾಪಸ್ ಬರುವುದಿಲ್ಲ. ಪ್ರಯಾಣ ವಿಮೆ ಕನಿಷ್ಠ 30,000 ಯೂರೊದ್ದಿರಬೇಕು. ಅರ್ಜಿಗೆ ಬೆರಳಚ್ಚು ಕೊಟ್ಟಿದ್ದರೂ, 2025ರ ಅಕ್ಟೋಬರಿನಿಂದ ಗಡಿಯಲ್ಲಿ ಮುಖದ ಫೋಟೊ ತೆಗೆಯುವ ಹೊಸ ವ್ಯವಸ್ಥೆ ಶುರುವಾಗಿದೆ. ಹಾಗಾಗಿ ವಿಮಾನ ಇಳಿದ ಒಂದು ಗಂಟೆಗೇ ಮುಂದಿನ ರೈಲು ಬುಕ್ ಮಾಡಬೇಡಿ.

ಇನ್ನು ಸೂಟ್‌ಕೇಸು. ತುಪ್ಪ, ಧಾರವಾಡ ಪೇಡ ಇವೆಲ್ಲ ಹಾಲಿನ ಪದಾರ್ಥ, ಒಯ್ಯುವಂತಿಲ್ಲ. ಮಾವಿನಹಣ್ಣು, ಹಸಿ ಕರಿಬೇವು ಕೂಡ ಪ್ರಮಾಣಪತ್ರವಿಲ್ಲದೆ ಒಯ್ಯುವಂತಿಲ್ಲ. ಹುಳಿಪುಡಿ, ಚಟ್ನಿಪುಡಿಗೆ ತೊಂದರೆಯಿಲ್ಲ. ಕರಿಬೇವು ಬಿಟ್ಟುಹೋಗಬೇಕೆಂದಾಗ ನಮ್ಮನೆಯವಳ ಮುಖ ಬಾಡಿತ್ತು. ಅದರ ಕಥೆ ಕೊನೆಗೆ ಹೇಳುತ್ತೇನೆ.

ಪ್ಯಾರಿಸ್‌ನ ಚಾರ್ಲ್ಸ್ ದ ಗಾಲ್ ಏರ್‌ಪೋರ್ಟಿನಿಂದ ಊರೊಳಕ್ಕೆ ಆರ್‌ಇಆರ್ ಬಿ ಎಂಬ ರೈಲಿದೆ. ನಾವು 2025ರಲ್ಲಿ ಹೋದಾಗ ಏರ್‌ಪೋರ್ಟ್ ಟಿಕೆಟ್ 13 ಯೂರೊ, ಊರೊಳಗಿನ ಮೆಟ್ರೊ ಟಿಕೆಟ್ 2.50 ಯೂರೊ. ಜನವರಿ ಬಂತೆಂದರೆ ದರ ಏರುತ್ತದೆ, ಹೊರಡುವ ಮುಂಚೆ ನೋಡಿಕೊಳ್ಳಿ. ಟಿಕೆಟ್‌ಗಳನ್ನು ನವಿಗೊ ಈಜಿ ಎಂಬ 2 ಯೂರೊದ ಕಾರ್ಡಿಗೆ ತುಂಬಿಸಿಕೊಳ್ಳಬೇಕು. ಇಲ್ಲೇ ನಾನು ಜಾಣತನ ಮಾಡಲು ಹೋಗಿ ಕೆಟ್ಟೆ. ಇಬ್ಬರಿಗೆ ಒಂದೇ ಕಾರ್ಡು ಸಾಕು, ಟಿಕೆಟ್ ಮಾತ್ರ ಎರಡು ತುಂಬಿಸೋಣ ಎಂದುಕೊಂಡೆ. ನಮ್ಮನೆಯವಳು ಕಾರ್ಡು ಮುಟ್ಟಿಸಿ ಗೇಟು ದಾಟಿ, ಮೇಲಿಂದ ಕಾರ್ಡನ್ನು ನನಗೆ ಕೊಟ್ಟಳು. ನಾನು ಮುಟ್ಟಿಸಿದರೆ ಕೆಂಪು ದೀಪ. ಇನ್ನೊಮ್ಮೆ ಮುಟ್ಟಿಸಿದೆ, ಮತ್ತೆ ಕೆಂಪು. ಅವಳು ಆ ಕಡೆ, ನಾನು ಈ ಕಡೆ, ಹಿಂದೆ ಸೂಟ್‌ಕೇಸು ಹಿಡಿದ ಸಾಲು. ‘ಜನ್ಮವೆಲ್ಲಾ ಊರವರ ಟಿಕೆಟ್ ನೋಡಿದ್ದೇ ಬಂತು’ ಎಂದು ಆ ಕಡೆಯಿಂದಲೇ ನಕ್ಕಳು. ಒಂದು ಕಾರ್ಡಿನಲ್ಲಿ ಏಕಕಾಲಕ್ಕೆ ಇಬ್ಬರು ಹೋಗುವಂತಿಲ್ಲ. ತಲೆಗೊಂದು ಕಾರ್ಡು ಬೇಕು. ಆರ್‌ಇಆರ್‌ನಲ್ಲಿ ಹೊರಬರುವಾಗಲೂ ಕಾರ್ಡು ಮುಟ್ಟಿಸಬೇಕು, ಹಾಗಾಗಿ ಒಳಗಿನ ಜೇಬಿಗೆ ತುರುಕಬೇಡಿ. ವಾರಪೂರ್ತಿ ಇರುವವರಿಗೆ ವಾರದ ಪಾಸು ಸಿಗುತ್ತದೆ, ಏರ್‌ಪೋರ್ಟ್ ರೈಲೂ ಅದರಲ್ಲೇ ಸೇರಿದೆ. ಆದರೆ ಅದು ಸೋಮವಾರದಿಂದ ಭಾನುವಾರದವರೆಗೆ ಮಾತ್ರ. ಶುಕ್ರವಾರ ಇಳಿದವರಿಗೆ ನಷ್ಟ.

ಮೆಟ್ರೊ ಹೆದರುವಂಥದ್ದಲ್ಲ. ನಮ್ಮಲ್ಲಿ ‘ಚಲ್ಲಘಟ್ಟ ಕಡೆ’, ‘ವೈಟ್‌ಫೀಲ್ಡ್ ಕಡೆ’ ಎಂದು ಬರೆದಿರುವಂತೆ ಅಲ್ಲೂ ಲೈನಿನ ಕೊನೆಯ ಸ್ಟೇಷನ್ ಹೆಸರು ನೋಡಿಕೊಂಡು ಹತ್ತಬೇಕು. ಹಳೆಯ ಲೈನುಗಳಲ್ಲಿ ಬಾಗಿಲು ತಾನಾಗಿ ತೆರೆಯುವುದಿಲ್ಲ. ಹಿಡಿ ಎತ್ತಬೇಕು, ಇಲ್ಲವೇ ಗುಂಡಿ ಒತ್ತಬೇಕು. ಬಾಗಿಲ ಪಕ್ಕ ಮಡಚುವ ಸೀಟುಗಳಿರುತ್ತವೆ. ಜನ ತುಂಬಿದಾಗ ಅಲ್ಲಿ ಕೂತವರು ಎದ್ದು ನಿಲ್ಲುವುದು ರೂಢಿ. ಶಾತ್ಲೆ ನಮ್ಮ ಮೆಜೆಸ್ಟಿಕ್ಕಿನಂಥ ಜಂಕ್ಷನ್. ದೊಡ್ಡ ಸೂಟ್‌ಕೇಸು ಇದ್ದರೆ ಅಲ್ಲಿ ಲೈನು ಬದಲಿಸದಂತೆ ದಾರಿ ಹುಡುಕಿಕೊಳ್ಳಿ, ನಡೆದು ನಡೆದು ಮಂಡಿ ಹಿಡಿದುಕೊಳ್ಳುತ್ತದೆ. ಜೇಬುಗಳ್ಳರು ಒಂದನೇ ಲೈನಿನಲ್ಲೂ ಏರ್‌ಪೋರ್ಟ್ ರೈಲಿನಲ್ಲೂ ಹೆಚ್ಚು. ‘ಇದಕ್ಕೊಂದು ಸಹಿ ಹಾಕಿ’ ಎಂದು ಯಾರಾದರೂ ಕಾಗದ ಹಿಡಿದು ಬಂದರೆ ನಿಲ್ಲಲೇಬೇಡಿ.

ಇನ್ನು ನನ್ನ ಇಲಾಖೆಯ ವಿಷಯ, ಟಿಜಿವಿ. ಪ್ಯಾರಿಸ್–ಲಿಯಾನ್ ನಡುವೆ 1981ರಲ್ಲಿ ಶುರುವಾದ ವೇಗದ ರೈಲು ಇದು. ಈಗ ಗಂಟೆಗೆ 320 ಕಿಲೋಮೀಟರ್ ವೇಗದವರೆಗೂ ಓಡುತ್ತದೆ. ಹೆಚ್ಚುಕಡಿಮೆ ನಮ್ಮ ಹುಬ್ಬಳ್ಳಿಯಷ್ಟು ದೂರದ ಲಿಯಾನಿಗೆ ಎರಡೇ ಗಂಟೆ. ವೇಟಿಂಗ್ ಲಿಸ್ಟು, ಆರ್‌ಎಸಿ, ತತ್ಕಾಲ್ ಯಾವುದೂ ಇಲ್ಲ. ಸೀಟು ಇದ್ದರೆ ಟಿಕೆಟ್, ದಿನ ಹತ್ತಿರ ಬಂದಷ್ಟೂ ದರ ಮೇಲೆ. ಅದೇ ದಾರಿಯಲ್ಲಿ ಓಡುವ ಓಯಿಗೊ ಎಂಬ ಗಾಡಿ ಅಗ್ಗ, ಆದರೆ ದೊಡ್ಡ ಪೆಟ್ಟಿಗೆಗೆ ಬೇರೆ ದುಡ್ಡು. ಟಿಇಆರ್ ಎಂಬುದು ಸುತ್ತಮುತ್ತಲ ಊರಿಗೆ ಹೋಗುವ ನಮ್ಮ ಪ್ಯಾಸೆಂಜರ್ ಗಾಡಿಯಂಥದ್ದು. ಅದಕ್ಕೆ ಸಾಮಾನ್ಯವಾಗಿ ಮುಂಗಡ ಬುಕಿಂಗ್ ಬೇಕಿಲ್ಲ.

ಟಿಕೆಟಿನಲ್ಲಿ ಸ್ಟೇಷನ್ ಹೆಸರು ಪೂರ್ತಿ ಓದಿ. ಪ್ಯಾರಿಸ್‌ನಲ್ಲಿ ದೊಡ್ಡ ಸ್ಟೇಷನ್ನುಗಳೇ ಆರೇಳು. ಮೆಜೆಸ್ಟಿಕ್, ಯಶವಂತಪುರ, ಬೈಯಪ್ಪನಹಳ್ಳಿ ಟರ್ಮಿನಲ್ ಒಂದೊಂದೂ ಬೇರೆಯಿರುವಂತೆ ಅಲ್ಲೂ ದಿಕ್ಕಿಗೊಂದು. ‘ಗಾರ್ ದ ಲಿಯಾನ್’ ಇರುವುದು ಪ್ಯಾರಿಸ್‌ನಲ್ಲಿ, ಲಿಯಾನ್‌ನಲ್ಲಲ್ಲ. ಅಲ್ಲಿ ನಿಂತು ಲಿಯಾನ್ ಬಂತೇ ಎಂದರೆ ಮೈಸೂರು ರಸ್ತೆ ಮೆಟ್ರೊದಲ್ಲಿ ಇಳಿದು ಅರಮನೆ ಎಲ್ಲಿ ಎಂದು ಕೇಳಿದ ಹಾಗೆ. ಲಿಯಾನ್‌ನಲ್ಲಿ ಇಳಿಯುವ ಮುಖ್ಯ ಸ್ಟೇಷನ್ನು ಪಾರ್‌ದಿಯೊ.

ಪ್ಲಾಟ್‌ಫಾರ್ಮ್ ಸಂಖ್ಯೆ ಬೋರ್ಡಿನಲ್ಲಿ ಬೀಳುವುದೇ ಗಾಡಿ ಹೊರಡಲು ಇಪ್ಪತ್ತು ನಿಮಿಷವಿರುವಾಗ. ಅಲ್ಲಿಯವರೆಗೆ ಎಲ್ಲರೂ ಕತ್ತೆತ್ತಿಕೊಂಡು ನಿಂತಿರುತ್ತಾರೆ, ಸಂಖ್ಯೆ ಬಿದ್ದ ಕೂಡಲೇ ದಂಡು ಹೊರಡುತ್ತದೆ. ಬಾಗಿಲು ಹೊರಡುವ ಸಮಯಕ್ಕೆ ಎರಡು ನಿಮಿಷ ಮೊದಲೇ ಮುಚ್ಚಿಬಿಡುತ್ತದೆ. ಓಡಿಬಂದು ಹ್ಯಾಂಡಲ್ ಹಿಡಿಯುವ ನಮ್ಮ ವಿದ್ಯೆ ಅಲ್ಲಿ ಉಪಯೋಗವಿಲ್ಲ. ಎಷ್ಟೋ ಸಲ ಎರಡು ಗಾಡಿ ಒಂದಕ್ಕೊಂದು ಜೋಡಿಸಿರುತ್ತಾರೆ, ದಾರಿಯಲ್ಲಿ ಅವು ಬೇರೆ ಬೇರೆ ಊರಿಗೆ ಒಡೆಯಬಹುದು. ಒಳಗಿಂದ ಒಂದರಿಂದ ಇನ್ನೊಂದಕ್ಕೆ ಹೋಗಲಾಗದು. ಆದ್ದರಿಂದ ಹತ್ತುವ ಮುನ್ನ ಗಾಡಿ ನಂಬರು, ಕೋಚ್ ನಂಬರು ಎರಡನ್ನೂ ತಾಳೆ ನೋಡಿ. ಮುಷ್ಕರವಿದ್ದರೆ ಯಾವ ಗಾಡಿ ಓಡುತ್ತದೆಂದು ಹಿಂದಿನ ಸಂಜೆಯೇ ತಿಳಿಯುತ್ತದೆ, ರೈಲ್ವೆಯ ಆ್ಯಪ್ ನೋಡುತ್ತಿರಿ.

ಇಷ್ಟೆಲ್ಲ ಓದಿದ ಮೇಲೂ ಕೇಳಲೇಬೇಕಾದಾಗ ಹೇಗೆ ಕೇಳುವುದು? ಮಗಳ ಬೀದಿಯ ಬೇಕರಿಗೆ ಮೊದಲ ದಿನ ಹೋದೆ. ಇಲ್ಲಿ ಕಾಂಡಿಮೆಂಟ್ಸ್ ಅಂಗಡಿಯಲ್ಲಿ ‘ಎರಡು ನಿಪ್ಪಟ್ಟು ಪ್ಯಾಕೆಟ್ಟು’ ಎಂದು ಕೈ ಚಾಚಿದ ಹಾಗೆ ‘ಒನ್ ಬಗೆಟ್’ ಎಂದೆ. ಆಕೆ ‘ಬೊಂಜೂರ್ ಮೊಸ್ಯೊ’ ಎಂದಳು. ಕೇಳಿಸಲಿಲ್ಲವೇನೋ ಎಂದು ಬೆರಳು ತೋರಿಸಿ ‘ಒನ್’ ಎಂದೆ. ಮತ್ತೆ, ಇನ್ನೂ ನಿಧಾನವಾಗಿ, ‘ಬೊಂಜೂರ್’. ಮೂರನೇ ಸಲಕ್ಕೆ ನನಗೆ ಹೊಳೆದು ನಾನೂ ‘ಬೊಂಜೂರ್ ಮದಾಮ್’ ಎಂದೆ. ತಕ್ಷಣ ಬ್ರೆಡ್ಡೂ ಬಂತು, ನಗುವೂ ಬಂತು. ಅಂಗಡಿ, ಲಿಫ್ಟು, ಬಸ್ಸಿನ ಡ್ರೈವರು, ಎಲ್ಲೇ ಆಗಲಿ ಮೊದಲ ಮಾತು ಅದು. ಸಂಜೆಯಾದರೆ ‘ಬೊನ್‌ಸ್ವಾರ್’, ಹೊರಡುವಾಗ ‘ಮೆರ್ಸಿ, ಓರುವ್ವಾರ್’. ಇಷ್ಟು ಹೇಳಿ ಆಮೇಲೆ ಇಂಗ್ಲಿಷಿನಲ್ಲಿ ಕೇಳಿ, ಉತ್ತರ ಸಿಗುತ್ತದೆ. ಟಿಜಿವಿಯಲ್ಲಿ ಟಿಕೆಟ್ ನೋಡಲು ಬಂದವನೂ ಬೊಂಜೂರ್ ಹೇಳಿಯೇ ಮೊಬೈಲು ಸ್ಕ್ಯಾನ್ ಮಾಡಿದ. ನಾನು ಅಷ್ಟು ವರ್ಷದಲ್ಲಿ ಒಬ್ಬ ಪ್ರಯಾಣಿಕರಿಗೂ ನಮಸ್ಕಾರ ಹೇಳಿದ್ದು ನೆನಪಿಲ್ಲ, ‘ಟಿಕೆಟ್!’ ಎನ್ನುತ್ತಿದ್ದೆ, ಅಷ್ಟೇ.

ಊಟದ ಹೊತ್ತು ತಪ್ಪಿಸಬೇಡಿ. ಎಷ್ಟೋ ಹೋಟೆಲುಗಳ ಅಡುಗೆಮನೆ ಮಧ್ಯಾಹ್ನ ಎರಡಕ್ಕೆಲ್ಲ ಮುಚ್ಚಿ, ಮತ್ತೆ ತೆರೆಯುವುದು ಸಂಜೆ ಏಳಕ್ಕೆ. ‘ಕರಾಫ್ ದೊ’ ಎಂದು ಕೇಳಿದರೆ ನಲ್ಲಿ ನೀರನ್ನು ಹೂಜಿಯಲ್ಲಿ ಪುಕ್ಕಟೆ ತಂದಿಡುತ್ತಾರೆ. ಬರೀ ನೀರು ಎಂದರೆ ಬಾಟಲಿ ಬಂದು ಬಿಲ್ಲಿನಲ್ಲೂ ಸೇರಬಹುದು. ಬಿಲ್ಲಿನಲ್ಲಿ ಸರ್ವಿಸ್ ಸೇರಿಯೇ ಇರುತ್ತದೆ, ಟಿಪ್ಸ್ ಕೊಡಲೇಬೇಕೆಂದಿಲ್ಲ. ಸಸ್ಯಾಹಾರಿಗಳು ‘ವೆಜಿಟೇರಿಯನ್’ ಎಂದು ಹೇಳಿ ಸುಮ್ಮನಾಗಬೇಡಿ, ಮೀನು ನಡೆಯುತ್ತದೆ ಎಂದುಕೊಳ್ಳುವವರಿದ್ದಾರೆ. ‘ಸಾನ್ ವಿಯಾಂದ್, ಸಾನ್ ಪ್ವಾಸೊಂ’, ಮಾಂಸ ಬೇಡ, ಮೀನು ಬೇಡ ಎನ್ನಿ. ಸಲಾಡಿನಲ್ಲೂ ಹಂದಿಮಾಂಸದ ಚೂರು ಇರುವುದುಂಟು.

ಪ್ಯಾರಿಸ್‌ನಲ್ಲಿ ಲೂವ್ರ್ ಮ್ಯೂಸಿಯಂ ಮಂಗಳವಾರ ರಜೆ, ಓರ್ಸೆ ಮ್ಯೂಸಿಯಂ ಸೋಮವಾರ. 2019ರಲ್ಲಿ ಬೆಂಕಿಗೆ ಸಿಕ್ಕಿದ್ದ ನೋತ್ರ್ ದಾಮ್ ಚರ್ಚು 2024ರ ಡಿಸೆಂಬರಿನಲ್ಲಿ ಮತ್ತೆ ತೆರೆದಿದೆ, ಒಳಗೆ ಹೋಗಲು ದುಡ್ಡಿಲ್ಲ. ಐಫೆಲ್ ಟವರಿನ ಎರಡನೇ ಅಂತಸ್ತಿಗೆ ಮೆಟ್ಟಿಲು 674. ಶ್ರವಣಬೆಳಗೊಳ ಹತ್ತಿದವರಿಗೆ ಅದೇನು ಮಹಾ!

ಈಗ ಕರಿಬೇವಿನ ಕಥೆ. ಗಾರ್ ದು ನೋರ್ ಸ್ಟೇಷನ್ನಿನ ಹಿಂದೆ ಲಾ ಶಾಪೆಲ್ ಎಂಬ ಬಡಾವಣೆಯಿದೆ. ಶ್ರೀಲಂಕಾದ ತಮಿಳರ ಅಂಗಡಿಗಳು ಸಾಲಾಗಿವೆ, ದೋಸೆ ಸಿಗುತ್ತದೆ, ನಡೆದು ಹೋಗುವಷ್ಟು ದೂರದಲ್ಲಿ ಮಾಣಿಕ್ಯ ವಿನಾಯಕನ ಗುಡಿಯೂ ಇದೆ. ಅಲ್ಲಿನ ಅಂಗಡಿಯೊಂದರ ಬಾಗಿಲಲ್ಲೇ ಕರಿಬೇವಿನ ಕಟ್ಟು ಕಂಡು ನಮ್ಮನೆಯವಳು ಬೊಂಜೂರ್ ಹೇಳುವುದನ್ನೂ ಮರೆತಳು. ಮೂರು ಕಟ್ಟು ತಗೊಂಡು ಕೈಚೀಲಕ್ಕೆ ಹಾಕಿಕೊಂಡಳು. ಅಂದು ಮಧ್ಯಾಹ್ನದ ಟಿಜಿವಿಯಲ್ಲಿ ಲಿಯಾನ್ ಬರುವವರೆಗೂ ನಮ್ಮ ಸೀಟಿನ ಸುತ್ತ ಒಗ್ಗರಣೆಯ ಘಮ. ಎದುರಿಗೆ ಕೂತ ಅಜ್ಜಿ ಎರಡು ಸಲ ಚೀಲದ ಕಡೆ ನೋಡಿದರು. ನಮ್ಮನೆಯವಳು ಒಂದು ಎಸಳು ಮುರಿದು ಅವರ ಕೈಗಿಟ್ಟಳು.