ಮನೆ-ವ್ಯಾನಿಗೆ ಹೊಸ ರೇಡಿಯೊ: ನೀವೇ ಕೂಡಿಸುವ ಬಗೆ

ಹಳೆಯ ಟೆಂಪೊ ಟ್ರಾವೆಲರ್ ಕೊಂಡು, ಸೀಟು ತೆಗೆಸಿ, ಮಂಚ, ಒಲೆ, ನೀರಿನ ಟ್ಯಾಂಕ್ ಕೂಡಿಸಿ ಮನೆ-ವ್ಯಾನ್ ಮಾಡಿಕೊಂಡವರ ಕಣ್ಣು ಡ್ಯಾಶ್‌ಬೋರ್ಡಿನ ರೇಡಿಯೊ ಕಡೆ ಹೊರಳುವುದು ಕೊನೆಗೆ. ಸೆಟ್ ತಂದು ಹಳೆಯ ವೈರಿಗೇ ಸಿಗಿಸಿಬಿಡುತ್ತಾರೆ. ಸಾಣಾಪುರ ಕೆರೆಯ ಹತ್ತಿರ ವ್ಯಾನ್ ನಿಲ್ಲಿಸಿ ರಾತ್ರಿಯೆಲ್ಲ ಹಾಡು ಕೇಳಿದರೆ, ಬೆಳಿಗ್ಗೆ ಕೀಲಿ ತಿರುಗಿಸಿದಾಗ ಇಂಜಿನ್ ‘ಟಕ್’ ಎಂದು ಸುಮ್ಮನಾಗುತ್ತದೆ. ಕಾರಿಗೂ ಮನೆ-ವ್ಯಾನಿಗೂ ವ್ಯತ್ಯಾಸ ಇರುವುದು ಇಲ್ಲೇ. ವ್ಯಾನಿನಲ್ಲಿ ಬ್ಯಾಟರಿ ಎರಡು: ಇಂಜಿನ್ ಚಾಲು ಮಾಡುವುದೊಂದು, ಹಿಂದಿನ ಮನೆಗೆ ದೀಪ, ಫ್ಯಾನ್ ನಡೆಸುವುದೊಂದು. ರೇಡಿಯೊ ಮನೆಯ ಬ್ಯಾಟರಿಯಿಂದಲೇ ಕರೆಂಟ್ ಪಡೆಯಬೇಕು. ಇದನ್ನು ಮೊದಲೇ ತೀರ್ಮಾನಿಸಿಕೊಂಡರೆ ಉಳಿದದ್ದು ಒಂದು ಮಧ್ಯಾಹ್ನದ ಕೆಲಸ.

ಸೆಟ್ ಕೊಳ್ಳುವ ಮುನ್ನ

ಡ್ಯಾಶ್‌ಬೋರ್ಡಿನ ಕಿಂಡಿ ಅಳೆಯಿರಿ. 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ ಇದ್ದರೆ ಅದು ಸಿಂಗಲ್ ಡಿನ್; ಎತ್ತರ 100 ಮಿ.ಮೀ. ಇದ್ದರೆ ಡಬಲ್ ಡಿನ್. ಕಿಂಡಿಯ ಆಳವನ್ನೂ ನೋಡಿ. ಸೆಟ್ಟಿನ ಹಿಂದೆ ಕಪ್ಲರ್ (ವೈರುಗಳನ್ನು ಕೂಡಿಸುವ ಪ್ಲಗ್) ಮತ್ತು ವೈರು ಮಡಚಿ ಕೂರಲು ನಾಲ್ಕು ಬೆರಳಿನಷ್ಟು ಜಾಗ ಬೇಕು.

ವೋಲ್ಟೇಜ್ ವಿಷಯದಲ್ಲಿ ಅಂದಾಜು ಬೇಡ. ಟ್ರಾವೆಲರಿನಂಥ ಗಾಡಿಗಳದ್ದು 12 ವೋಲ್ಟ್. ದೊಡ್ಡ ಬಸ್ ಅಥವಾ ಲಾರಿಯ ಮೇಲೆ ಕಟ್ಟಿದ ಮನೆ-ವ್ಯಾನಿನಲ್ಲಿ ಸಾಮಾನ್ಯವಾಗಿ 24 ವೋಲ್ಟ್ ಇರುತ್ತದೆ. 12 ವೋಲ್ಟಿನ ಸೆಟ್ಟಿಗೆ ಅದನ್ನು ನೇರ ಕೊಟ್ಟರೆ ಸೆಟ್ ಸುಟ್ಟುಹೋಗುತ್ತದೆ.

ಡಬ್ಬಿಯ ಮೇಲೆ ಬರೆದ ‘50 ವ್ಯಾಟ್ × 4’ ನೋಡಿ ಮರುಳಾಗಬೇಡಿ. ಅದು ಕ್ಷಣಮಾತ್ರದ ಗರಿಷ್ಠ ಲೆಕ್ಕ. ಇಂಥ ಸೆಟ್ಟು ನಿರಂತರವಾಗಿ ಕೊಡುವುದು ಪ್ರತಿ ಸ್ಪೀಕರಿಗೆ ಸುಮಾರು 20 ವ್ಯಾಟ್; ವ್ಯಾನಿನೊಳಗೆ ಅಷ್ಟು ಧಾರಾಳವಾಯಿತು. ಅದಕ್ಕಿಂತ ಮುಖ್ಯ, ಸೆಟ್ಟಿನಲ್ಲಿ ಎಎಂ (ಮೀಡಿಯಂ ವೇವ್) ಇದೆಯೇ ಎಂದು ಕೇಳಿ. ಈಗಿನ ಬಹಳ ಸೆಟ್ಟುಗಳಲ್ಲಿ ಎಫ್‌ಎಂ, ಬ್ಲೂಟೂತ್ ಮಾತ್ರ ಇರುತ್ತವೆ. ಕುಷ್ಟಗಿಯ ಹೊಲಗಳ ನಡುವೆಯೋ ಮಸ್ಕಿಯ ಆಚೆಯೋ ಹೋಗುವಾಗ ಎಫ್‌ಎಂ ಕೈಬಿಟ್ಟ ಮೇಲೂ ಧಾರವಾಡ ಆಕಾಶವಾಣಿಯ 765 ಕಿಲೊಹರ್ಟ್ಜ್, ಕಲಬುರಗಿಯ 1107 ಕಿಲೊಹರ್ಟ್ಜ್ ಎಎಂನಲ್ಲಿ ಸಿಗುವಂಥವು. ಈ ಸೀಮೆಯಲ್ಲಿ ತಿರುಗಾಡುವವರು ಎಎಂ ಇಲ್ಲದ ಸೆಟ್ ತರಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕರೆಂಟ್ ತೆಗೆಯುವ ಕ್ರಮ

ಬೇಕಾದ ಸಾಮಾನು: ಮಲ್ಟಿಮೀಟರ್, 10 ನಂಬರ್ ಸ್ಪ್ಯಾನರ್, ಸ್ಕ್ರೂಡ್ರೈವರ್, ವೈರ್ ಸುಲಿಯುವ ಮತ್ತು ಲಗ್ (ವೈರಿನ ತುದಿಗೆ ಹಾಕುವ ಲೋಹದ ಬಳೆ) ಒತ್ತುವ ಪ್ಲೈಯರ್, ಫ್ಯೂಸ್ ಹೋಲ್ಡರ್, ಬಿಸಿ ಮಾಡಿದರೆ ಬಿಗಿಯುವ ಸ್ಲೀವ್. ಇನ್ಸುಲೇಷನ್ ಟೇಪನ್ನು ನೆಚ್ಚಬೇಡಿ. ರಾಯಚೂರು, ಬಳ್ಳಾರಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ನಿಂತ ಗಾಡಿಯ ಡ್ಯಾಶ್‌ಬೋರ್ಡ್ ಅದಕ್ಕಿಂತಲೂ ಕಾದಿರುತ್ತದೆ. ಟೇಪಿನ ಅಂಟು ಕರಗಿ ಜಾರಿದರೆ ಬೆತ್ತಲೆ ವೈರುಗಳು ಒಂದಕ್ಕೊಂದು ತಾಗುತ್ತವೆ.

ಮಾಡಿನ ಮೇಲೆ ಸೋಲಾರ್ ಫಲಕ ಇದ್ದರೆ ಮೊದಲು ಅದರ ವೈರನ್ನು ಚಾರ್ಜ್ ಕಂಟ್ರೋಲರಿನಿಂದ ಬಿಡಿಸಿ. ಫಲಕ ಬಿಸಿಲು ಉಣ್ಣುತ್ತಿರುವಾಗಲೇ ಬ್ಯಾಟರಿ ತೆಗೆದರೆ ಕಂಟ್ರೋಲರ್ ಕೆಡುವ ಸಂಭವವಿದೆ. ಆಮೇಲೆ ಮನೆಯ ಬ್ಯಾಟರಿ, ಕೊನೆಗೆ ಇಂಜಿನ್ ಬ್ಯಾಟರಿ. ಎರಡರಲ್ಲೂ ಮೈನಸ್ ತಂತಿಯನ್ನೇ ಮೊದಲು ಬಿಚ್ಚಬೇಕು.

ಹಳೆಯ ಸೆಟ್ ಹೊರಗೆ

ಸುತ್ತಲಿನ ಪ್ಲಾಸ್ಟಿಕ್ ಪಟ್ಟಿ ಕಿತ್ತರೆ ಸೆಟ್ಟಿನ ಎರಡೂ ಬದಿಗೆ ಸಣ್ಣ ಸಂದು ಕಾಣುತ್ತದೆ. ಅಲ್ಲಿಗೆ ಸೆಟ್ ಕಳಚುವ ತಗಡಿನ ಕೀಲಿಗಳನ್ನು ಒತ್ತಿದರೆ ಒಳಗಿನ ಸ್ಪ್ರಿಂಗ್ ಬಿಡುತ್ತದೆ, ಸೆಟ್ ಮುಂದಕ್ಕೆ ಜಾರುತ್ತದೆ. ಕೆಲವು ಗಾಡಿಗಳಲ್ಲಿ ಸ್ಕ್ರೂ ಇರುತ್ತದೆ. ಜಗ್ಗಾಡಬೇಡಿ, ಹಿಂದೆ ಆಂಟೆನಾ ವೈರು ಗಿಡ್ಡ ಇರಬಹುದು. ಬಳ್ಳಾರಿ–ಸಂಡೂರಿನ ಕಡೆ ಓಡಿದ ಗಾಡಿಯಾದರೆ ಕಿಂಡಿಯೊಳಗೆ ಅದಿರಿನ ಕೆಂಪು ದೂಳು ಕೂತಿರುತ್ತದೆ. ಬ್ರಷ್‌ನಿಂದ ಪೂರ್ತಿ ತೆಗೆಯಿರಿ. ಕಪ್ಲರ್ ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ಹೊಡೆದುಕೊಳ್ಳಿ.

ಬಣ್ಣ ನಂಬಬೇಡಿ, ಮೀಟರ್ ಹಿಡಿಯಿರಿ

ಹೊಸ ಸೆಟ್ಟಿನ ವೈರುಗಳ ಬಣ್ಣ ಬಹುತೇಕ ಒಂದೇ ಪದ್ಧತಿಯಲ್ಲಿರುತ್ತದೆ. ಹಳದಿ ಸದಾ ಇರುವ ಕರೆಂಟು, ಕೆಂಪು ಕೀಲಿ ತಿರುಗಿಸಿದಾಗ ಬರುವ ಕರೆಂಟು, ಕಪ್ಪು ಅರ್ಥ್ (ಗಾಡಿಯ ಬಾಡಿಗೆ ಸೇರುವ ಮೈನಸ್), ನೀಲಿ ತಾನಾಗಿ ಏಳುವ ಆಂಟೆನಾಕ್ಕೆ ಹೋಗುವ ಕರೆಂಟು. ಬಿಳಿ ಮುಂದಿನ ಎಡ ಸ್ಪೀಕರ್, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಅದೇ ಬಣ್ಣದ ಮೇಲೆ ಕಪ್ಪು ಗೀಟು ಇದ್ದರೆ ಆ ಸ್ಪೀಕರಿನ ಮೈನಸ್.

ಆದರೆ ಗಾಡಿಯ ಕಡೆಯ ವೈರಿಗೆ ಈ ಪದ್ಧತಿ ಅನ್ವಯಿಸುವುದಿಲ್ಲ. ಹತ್ತು ಕೈ ದಾಟಿ ಬಂದ ವ್ಯಾನಿನಲ್ಲಿ ಯಾರು ಯಾವ ಬಣ್ಣದ ತುಂಡು ಜೋಡಿಸಿದ್ದಾರೋ ಹೇಳಲಾಗದು. ಅದಕ್ಕೇ ಅಳೆಯುವಷ್ಟು ಹೊತ್ತು ಇಂಜಿನ್ ಬ್ಯಾಟರಿಯ ತಂತಿ ಮತ್ತೆ ಜೋಡಿಸಿ, ಒಂದೊಂದೇ ವೈರಿಗೆ ಮೀಟರ್ ಹಿಡಿದು, ಕೀಲಿ ತಿರುಗಿಸಿ ನೋಡಿ, ಕಾಗದದ ಚೀಟಿ ಅಂಟಿಸಿ. ಆಮೇಲೆ ತಂತಿ ಮತ್ತೆ ಬಿಚ್ಚಿ. ಸ್ಪೀಕರಿನ ಮೈನಸ್ ವೈರನ್ನು ಯಾವ ಕಾರಣಕ್ಕೂ ಗಾಡಿಯ ಬಾಡಿಗೆ ತಾಗಿಸಬಾರದು. ಈಗಿನ ಸೆಟ್ಟುಗಳಲ್ಲಿ ಎರಡೂ ವೈರು ಜೀವಂತ. ತಾಗಿದರೆ ಒಳಗಿನ ಆಂಪ್ಲಿಫೈಯರ್ ಹೋಗುತ್ತದೆ.

ಮನೆಯ ಬ್ಯಾಟರಿಯಿಂದ ಲೈನ್

ಗಾಡಿಯ ಕಡೆಯಿಂದ ಬರುವ ಹಳೆಯ ಸದಾ-ಕರೆಂಟಿನ, ಕೀಲಿ-ಕರೆಂಟಿನ ಲೈನುಗಳ ತುದಿಗೆ ಸ್ಲೀವ್ ಹಾಕಿ ಮುಚ್ಚಿಬಿಡಿ. ಮನೆಯ ಬ್ಯಾಟರಿಯ ಪ್ಲಸ್‌ನಿಂದ ಡ್ಯಾಶ್‌ಬೋರ್ಡಿಗೆ ಹೊಸ ವೈರ್ ಎಳೆಯಿರಿ. ಫ್ಯೂಸ್ ಇರಬೇಕಾದ್ದು ಬ್ಯಾಟರಿಯಿಂದ ಒಂದು ಗೇಣಿನೊಳಗೆ. ದಾರಿಯಲ್ಲೆಲ್ಲೋ ವೈರ್ ಉಜ್ಜಿ ಬಾಡಿಗೆ ತಾಗಿದರೆ ಅಲ್ಲಿಂದಾಚೆ ಕರೆಂಟ್ ಹೋಗದಂತೆ ತಡೆಯುವುದು ಅದೇ. ಎಷ್ಟು ಆಂಪಿಯರ್ ಎಂಬುದು ಸೆಟ್ಟಿನ ಕೈಪಿಡಿಯಲ್ಲಿರುತ್ತದೆ. ಸಾಮಾನ್ಯವಾಗಿ 10 ಅಥವಾ 15.

ವೈರ್ ಸಣ್ಣದಾಗಬಾರದು. ಬ್ಯಾಟರಿ ಹಿಂಬದಿಯಲ್ಲಿದ್ದರೆ ಹೋಗಿ ಬರುವ ದಾರಿ ಸೇರಿ 10 ಮೀಟರ್ ಆಗುತ್ತದೆ. 1 ಚದರ ಮಿ.ಮೀ. ವೈರಿನಲ್ಲಿ 10 ಆಂಪಿಯರ್ ಹರಿದರೆ ದಾರಿಯಲ್ಲೇ ಸುಮಾರು 1.7 ವೋಲ್ಟ್ ಸೋರಿಹೋಗುತ್ತದೆ. ವಾಲ್ಯೂಮ್ ಏರಿಸಿದಾಗ ಸೆಟ್ ಆಫ್ ಆಗಿ ಆನ್ ಆಗುವುದಕ್ಕೆ ಇದೂ ಒಂದು ಕಾರಣ. 2.5 ಚದರ ಮಿ.ಮೀ. ಹಾಕಿ, ಅದೂ ಬಹು ಎಳೆಯ ತಾಮ್ರದ್ದು. ಮನೆ ಗೋಡೆಗೆ ಹಾಕುವ ಒಂಟಿ ಎಳೆಯ ವೈರು ಗಾಡಿಯ ನಡುಕಕ್ಕೆ ಒಳಗೇ ಮುರಿಯುತ್ತದೆ.

ಈ ಲೈನನ್ನು ಸೆಟ್ಟಿನ ಹಳದಿಗೆ ನೇರ ಕೊಡಿ. ಅದರಿಂದಲೇ ಒಂದು ಕವಲು ತೆಗೆದು, ಸಣ್ಣ ಸ್ವಿಚ್ ಮೂಲಕ ಕೆಂಪಿಗೆ ಕೊಡಿ. ಇನ್ನು ಕೀಲಿಯ ಹಂಗಿಲ್ಲ, ಸ್ವಿಚ್ ಒತ್ತಿದರೆ ಹಾಡು. ಸ್ವಿಚ್ ಆರಿಸಿದ ಮೇಲೂ ಸ್ಟೇಷನ್‌ಗಳ ನೆನಪು, ಗಡಿಯಾರಕ್ಕಾಗಿ ಹಳದಿ ಕೆಲವು ಮಿಲಿಆಂಪಿಯರ್ ಎಳೆಯುತ್ತಿರುತ್ತದೆ; ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವವರು ಫ್ಯೂಸನ್ನೇ ಕಿತ್ತಿಡುವುದು ಒಳ್ಳೆಯದು.

‘ಅರ್ಥ್ ಕೂತಿಲ್ರಿ’

ಗಂಗಾವತಿಯಲ್ಲಾಗಲಿ ಸಿಂಧನೂರಿನಲ್ಲಾಗಲಿ, ರೇಡಿಯೊ ಗೊರಗೊರ ಎನ್ನುತ್ತದೆ ಎಂದು ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಹೋದರೆ ಮೊದಲು ಬರುವ ಮಾತು ಇದೇ. ಕಪ್ಪು ವೈರನ್ನು ಸ್ಕ್ರೂ ಸಿಕ್ಕಲ್ಲಿ ಸುತ್ತಿದರೆ ಸಾಲದು. ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ, ತಗಡು ಬೆಳ್ಳಗೆ ಹೊಳೆದ ಮೇಲೆ ಲಗ್ ಇಟ್ಟು ಬೋಲ್ಟ್ ಬಿಗಿಯಿರಿ. ಮನೆಯ ಬ್ಯಾಟರಿಯ ಮೈನಸ್ ಕೂಡ ಬಾಡಿಗೆ ಸೇರಿದೆಯೇ ನೋಡಿ. ಸೇರಿಲ್ಲದಿದ್ದರೆ ಕಪ್ಪು ವೈರೂ ಬ್ಯಾಟರಿಯವರೆಗೆ ಹೋಗಬೇಕು.

ಇಂಜಿನ್ ವೇಗಕ್ಕೆ ತಕ್ಕಂತೆ ಏರಿಳಿಯುವ ಕುಯ್ಯ್ ಸದ್ದು ಆಲ್ಟರ್ನೇಟರಿನದು (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ), ಅರ್ಥ್ ಗಟ್ಟಿ ಮಾಡಿದರೆ ಹೆಚ್ಚಾಗಿ ನಿಲ್ಲುತ್ತದೆ. ಇಂಜಿನ್ ಬಂದ್ ಇದ್ದಾಗಲೂ ಎಎಂನಲ್ಲಿ ಗುಂಯ್ ಎಂದರೆ ಇನ್ವರ್ಟರ್, ಸೋಲಾರ್ ಕಂಟ್ರೋಲರ್, ಎಲ್‌ಇಡಿ ದೀಪಗಳನ್ನು ಒಂದೊಂದಾಗಿ ಆರಿಸಿ ಪತ್ತೆ ಹಚ್ಚಿ. ಆಂಟೆನಾ ವೈರನ್ನು ಅವುಗಳ ವೈರಿನಿಂದ ದೂರ ಸರಿಸಿ. ಮಾಡು ಫೈಬರಿನದಾದರೆ ಆಂಟೆನಾದ ಬುಡಕ್ಕೆ ತಗಡಿನ ಆಸರೆ ಸಿಗದೆ ಸಿಗ್ನಲ್ ಕುಗ್ಗುತ್ತದೆ. ಮುಂದಿನ ಕಬ್ಬಿಣದ ಬಾಡಿಯ ಮೇಲೆ ನಿಲ್ಲಿಸುವುದೇ ಸರಿ.

ಕೂಡಿಸಿ, ಸೆಟ್ಟಿಂಗ್ ನೋಡಿ

ಬ್ಯಾಟರಿ ಜೋಡಿಸುವಾಗ ಕ್ರಮ ತಿರುಗುಮುರುಗು: ಮೈನಸ್ ಕೊನೆಗೆ, ಸೋಲಾರ್ ಎಲ್ಲಕ್ಕೂ ಕೊನೆಗೆ. ಸೆಟ್ಟನ್ನು ಒಳಗೆ ತಳ್ಳುವ ಮೊದಲೇ ನಾಲ್ಕೂ ಸ್ಪೀಕರ್ ಕೇಳಿ ನೋಡಿ. ಕಿಂಡಿಯೊಳಗೆ ಸೆಟ್ಟನ್ನು ಹಿಡಿಯುವ ತಗಡಿನ ಕವಚದ ಕಿವಿಗಳನ್ನು ಮಡಚಿ, ಸೆಟ್ಟಿನ ಹಿಂಬದಿಯ ಬೋಲ್ಟಿಗೂ ಒಂದು ಪಟ್ಟಿ ಆಸರೆ ಕೊಡಿ. ಬರೀ ಮುಂದಿನ ಹಿಡಿತ ನಂಬಿದರೆ ಗುಂಡಿ ಬಿದ್ದ ರಸ್ತೆಯಲ್ಲಿ ಸೆಟ್ ಕುಣಿಯುತ್ತದೆ.

ಮೆನುವಿನಲ್ಲಿ ‘ಏರಿಯಾ’ ಅಥವಾ ‘ರೀಜನ್’ ಎಂದಿರುತ್ತದೆ. ಅದು ಅಮೆರಿಕಕ್ಕೆ ಇದ್ದರೆ ಎಎಂ 10 ಕಿಲೊಹರ್ಟ್ಜ್ ಹೆಜ್ಜೆಯಲ್ಲಿ ಹೋಗುತ್ತದೆ. 760 ಆದ ಮೇಲೆ 770. ಧಾರವಾಡದ 765 ಸಿಗುವುದೇ ಇಲ್ಲ. ಎಫ್‌ಎಂನಲ್ಲಿ ಹೊಸಪೇಟೆಯ 100.5 ಬಂದರೂ ಚುಕ್ಕೆಯ ಮುಂದೆ ಸಮ ಅಂಕಿ ಇರುವ ಸ್ಟೇಷನ್‌ಗಳೆಲ್ಲ ತಪ್ಪುತ್ತವೆ. ಏಷ್ಯಾ ಅಥವಾ ಯುರೋಪ್ ಆರಿಸಿ, 9 ಕಿಲೊಹರ್ಟ್ಜ್ ಹೆಜ್ಜೆ ಬರುತ್ತದೆ. ಸ್ಟೇಷನ್‌ಗಳನ್ನು ಸೇವ್ ಮಾಡಿ, ಮೊದಲ ದೂರದ ಓಡಾಟ ಮುಗಿದ ಮೇಲೆ ಅರ್ಥ್ ಬೋಲ್ಟನ್ನೂ ಹಿಂದಿನ ಪಟ್ಟಿಯನ್ನೂ ಮತ್ತೊಂದು ಸುತ್ತು ಬಿಗಿಯಿರಿ. ಒಂದೆರಡು ಹೆಚ್ಚಿನ ಫ್ಯೂಸ್ ಗಾಡಿಯಲ್ಲೇ ಇರಲಿ.